ದೊಡ್ಡ ಸಿಸ್ಟರ್ ತಂಗಿಯ ಚಿತ್ರ ಬರೆದದ್ದು

ಮಕ್ಕಳ ವಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದ ದೊಡ್ಡ ಸಿಸ್ಟರಿಗೆ ಮನುಷ್ಯರ ಮುಖ ನೋಡುವ ಒಂದೇ ಒಂದು ರೀತಿ ಗೊತ್ತಿತ್ತು. ಮೊದಲು ತುಟಿ, ಆಮೇಲೆ ಕಣ್ಣಿನ ಬಿಳಿ, ಕೊನೆಗೆ ಉಗುರು. ತುಟಿ ನೀಲಿಗಟ್ಟಿದೆಯೇ, ಕಣ್ಣು ಹಳದಿಯಾಗಿದೆಯೇ, ಉಗುರು ಬಿಳಿಚಿಕೊಂಡಿದೆಯೇ? ಮೂರೂ ಇಲ್ಲವೆಂದರೆ ಆಸಾಮಿ ಚೆನ್ನಾಗಿದ್ದಾನೆ, ಅವನ ಮುಖದಲ್ಲಿ ನೋಡುವಂಥದ್ದು ಇನ್ನೇನೂ ಉಳಿದಿಲ್ಲ ಎಂದು ಅವರ ಲೆಕ್ಕ. ಮಗುವಿಗೆ ಕಾಮಾಲೆ ಇದೆಯೆಂದು ರಕ್ತಪರೀಕ್ಷೆಗೆ ಒಂದು ದಿನ ಮೊದಲೇ ಹೇಳಿಬಿಡುವ ಕಣ್ಣು ಅವರದು. ಎಳೆಯ ಡಾಕ್ಟರುಗಳು ಅವರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ‘ದೊಡ್ಡ’ ಎಂಬುದು ಎತ್ತರ ನೋಡಿ ಬಂದ ಹೆಸರಲ್ಲ. ಡ್ರಿಪ್ ಬಾಟಲಿಯ ಕೊಕ್ಕೆ ಮುಟ್ಟಬೇಕಾದರೆ ಅವರಿಗೆ ಸ್ಟೂಲು ಬೇಕಾಗುತ್ತಿತ್ತು.

ಮನೆಯಲ್ಲಿ ಅವರು ಮತ್ತು ನಾಲ್ಕು ವರ್ಷ ಚಿಕ್ಕವಳಾದ ತಂಗಿ, ಇಬ್ಬರೇ. ಮಹಡಿಯ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ, ಬೀದಿಯ ಕಡೆಗೊಂದು ದೊಡ್ಡ ಕಿಟಕಿ. ತಂಗಿಯ ಕೆಲಸ ಬಸ್ ನಿಲ್ದಾಣದಲ್ಲಿ. ಯಾವ ಬಸ್ಸು ಎಷ್ಟು ಗಂಟೆಗೆ ಎಲ್ಲಿ ನಿಲ್ಲುತ್ತದೆಂದು ಮೈಕಿನಲ್ಲಿ ಹೇಳುವವಳು ಅವಳೇ. ಊರಿನ ಅರ್ಧ ಜನಕ್ಕೆ ಅವಳ ಧ್ವನಿ ಗೊತ್ತು, ಮುಖ ಗೊತ್ತಿಲ್ಲ. ಮನೆಯಲ್ಲೂ ಅದೇ ಚಾಳಿ. ಅಕ್ಕ ಸ್ನಾನದ ಮನೆಯಿಂದ ಬೇಗ ಬರಲಿಲ್ಲವೆಂದರೆ, “ಪ್ರಯಾಣಿಕರ ಗಮನಕ್ಕೆ, ತಿಂಡಿ ತಣ್ಣಗಾಗ್ತಾ ಇದೆ, ದಯವಿಟ್ಟು ಸಹಕರಿಸಿ” ಎಂದು ಅಡುಗೆಮನೆಯಿಂದ ಕೂಗುತ್ತಿದ್ದಳು.

ಅವಳ ಮುಖದ ಮೇಲೆ ಬಿಳಿ ಮಚ್ಚೆಗಳಿದ್ದವು. ಹದಿನಾಲ್ಕನೆಯ ವಯಸ್ಸಿನಲ್ಲಿ ಎಡಗಣ್ಣಿನ ಪಕ್ಕ ಕಡಲೆಕಾಳಿನಷ್ಟು ಕಾಣಿಸಿಕೊಂಡದ್ದು ಮೆಲ್ಲಗೆ ಬಾಯಿಯ ಸುತ್ತ, ಹಣೆಗೆ, ಕೈಬೆರಳುಗಳಿಗೆ ಹರಡಿತು. ಅಕ್ಕ ಆಗ ನರ್ಸಿಂಗ್ ಕಲಿಯಲು ಸೇರಿದ ಹೊಸತು. ತಂಗಿಯನ್ನು ವಾಸಿ ಮಾಡಿಯೇ ತೀರುತ್ತೇನೆಂದು ಹಟ ಹಿಡಿದರು. ತಿಂಗಳಿಗೊಮ್ಮೆ ಅವಳನ್ನು ದೀಪದ ಕೆಳಗೆ ಕೂರಿಸಿ, ಮಚ್ಚೆಗಳ ಅಂಚಿನ ಸುತ್ತ ನೀಲಿ ಬಾಲ್ ಪೆನ್ನಿನಿಂದ ಗೆರೆ ಎಳೆದು, ಹೋದ ತಿಂಗಳಿಗಿಂತ ಎಷ್ಟು ಸರಿದಿದೆಯೆಂದು ಸ್ಕೇಲಿಟ್ಟು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಮುಲಾಮು ಹಚ್ಚಿ ಬೆಳಗಿನ ಬಿಸಿಲಿನಲ್ಲಿ ಹತ್ತು ನಿಮಿಷ ಕೂರಿಸಬೇಕು, ಹನ್ನೊಂದನೆಯ ನಿಮಿಷ ಬೇಡ ಎಂದು ಡಾಕ್ಟರು ಹೇಳಿದ್ದರು. ಒಂದು ದಿನ ಹತ್ತು ನಿಮಿಷ ನಲವತ್ತಾಯಿತು. ರಾತ್ರಿ ಪಾಳಿ ಮುಗಿಸಿ ಬಂದಿದ್ದ ಅಕ್ಕ ಗಡಿಯಾರ ನೋಡುತ್ತಾ ಕೂತಲ್ಲೇ ನಿದ್ದೆ ಹೋಗಿದ್ದರು. ತಂಗಿಯ ಕೆನ್ನೆಯಲ್ಲಿ ಬೊಬ್ಬೆ ಎದ್ದಿತು. ಮೂರು ವಾರ ಅವಳಿಗೆ ಎಡಮಗ್ಗುಲಿಗೆ ಮಲಗಲಾಗಲಿಲ್ಲ.

ಇದೆಲ್ಲ ಹದಿನಾರು ವರ್ಷ ನಡೆಯಿತು. ತಂಗಿಗೆ ಮೂವತ್ತಾದ ದಿನ, ಅಕ್ಕ ಪೆನ್ನು ಹಿಡಿದು ಬಂದಾಗ ಅವಳು ಅದನ್ನು ಮೆತ್ತಗೆ ಕೈಯಿಂದ ತೆಗೆದುಕೊಂಡು ಮುಚ್ಚಳ ಹಾಕಿದಳು. “ಸಾಕು ಅಕ್ಕ. ಇದು ಇದ್ದರೆ ಇರಲಿ. ನಂಗೆ ಅಭ್ಯಾಸ ಆಗಿದೆ, ನಿಂಗೇ ಆಗಿಲ್ಲ.”

ಆವತ್ತಿನಿಂದ ದೊಡ್ಡ ಸಿಸ್ಟರ್ ತಂಗಿಯ ಮುಖ ನೋಡುವುದನ್ನು ಬಿಟ್ಟರು. ಸಿಟ್ಟಿನಿಂದಲ್ಲ. ನೋಡಿದರೆ ಎಲ್ಲಿ ಅಳೆಯುವ ಕಣ್ಣು ಬರುತ್ತದೋ ಎಂಬ ಭಯದಿಂದ. ಮಾತಾಡುವಾಗ ಅವಳ ಕಿವಿಯ ಕಡೆಗೋ, ಹಿಂದಿನ ಗೋಡೆಯ ಕಡೆಗೋ ನೋಡುತ್ತಿದ್ದರು. ಇಪ್ಪತ್ತಾರು ವರ್ಷ ಹೀಗೇ ಕಳೆಯಿತು. ಇಬ್ಬರಿಗೂ ಮದುವೆಯಾಗಲಿಲ್ಲ. ತಂಗಿಗೆ ಯಾಕಾಗಲಿಲ್ಲವೆಂದು ಜನ ಕೇಳುತ್ತಿರಲಿಲ್ಲ, ನೋಡಿದರೇ ಉತ್ತರ ಸಿಕ್ಕಿತೆಂದುಕೊಳ್ಳುತ್ತಿದ್ದರು. ಬಂದಿದ್ದ ಎರಡು ಸಂಬಂಧಗಳನ್ನು ಅವಳೇ ಬೇಡವೆಂದಿದ್ದಳು ಎಂಬುದು ಅಕ್ಕನಿಗೆ ಮಾತ್ರ ಗೊತ್ತಿತ್ತು.

ನಿವೃತ್ತಿಯಾದ ಮೇಲೆ ದೊಡ್ಡ ಸಿಸ್ಟರಿಗೆ ಕೈಕಾಲು ಕಟ್ಟಿಹಾಕಿದಂತಾಯಿತು. ಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದರು. ಟವೆಲ್ಲುಗಳನ್ನು ಆಸ್ಪತ್ರೆಯ ಮಡಿಕೆಯಲ್ಲಿ ಮಡಚಿಟ್ಟರು. ಒಂದು ಮಧ್ಯಾಹ್ನ ಪಾಳಿ ಮುಗಿಸಿ ಬಂದು ಮಲಗಿದ್ದ ತಂಗಿಗೆ ಎಚ್ಚರವಾದಾಗ, ಅಕ್ಕ ಮಂಚದ ಪಕ್ಕ ಕೂತು ಕೈಗಡಿಯಾರ ನೋಡುತ್ತಾ ತುಟಿ ಆಡಿಸುತ್ತಿದ್ದರು.

“ಏನ್ ಮಾಡ್ತಿದ್ದೀಯ?”

“ಏನಿಲ್ಲ. ನಿಮಿಷಕ್ಕೆ ಹದಿನಾರು. ಸರಿಯಾಗೇ ಇದೆ.”

“ನನ್ನ ಉಸಿರು ಎಣಿಸ್ತಿದ್ದೀಯಾ? ಅಕ್ಕಾ, ದಮ್ಮಯ್ಯ, ಮನೆಯಿಂದ ಎಲ್ಲಿಗಾದ್ರೂ ಹೋಗೇ!”

ಮರುದಿನವೇ ತಂಗಿ ಒಂದು ಚೀಟಿ ತಂದಳು. ಬಸ್ ನಿಲ್ದಾಣದ ಮೈಕಿನಲ್ಲಿ ಓದಲು ಬಂದಿದ್ದ ಪ್ರಕಟಣೆ: ಭಾನುವಾರ ಬೆಳಿಗ್ಗೆ ದೊಡ್ಡವರಿಗೆ ಚಿತ್ರಕಲೆಯ ತರಗತಿ, ಏನೂ ಬರದವರೂ ಬರಬಹುದು. “ಏನೂ ಬರದವರೂ ಅಂತ ಬರೆದಿದ್ದಾರೆ, ನಿನಗೇ ಹೇಳಿ ಬರೆಸಿದ ಹಾಗಿದೆ” ಎಂದು ಅದನ್ನು ಅಕ್ಕನ ಕೈಗೆ ತುರುಕಿದಳು.

ತರಗತಿ ನಡೆಯುತ್ತಿದ್ದುದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ. ಕೆಳಗಿನಿಂದ ರಬ್ಬರಿನ ವಾಸನೆ, ಮೇಲೆ ಟರ್ಪೆಂಟೈನಿನ ವಾಸನೆ. ಕಲಿಸುವವರು ಶಾಲೆಯ ಡ್ರಾಯಿಂಗ್ ಮೇಷ್ಟ್ರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ, ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಚಿಂದಿ ಬಟ್ಟೆ. ಕಲಿಯಲು ಬರುತ್ತಿದ್ದವರು ಆರೇಳು ಜನ. ಮೂರು ತಿಂಗಳು ಈರುಳ್ಳಿ, ಲೋಟ, ಹಳೆಯ ಚಪ್ಪಲಿ ಬರೆಸಿದರು. ದೊಡ್ಡ ಸಿಸ್ಟರ್ ಎಲ್ಲವನ್ನೂ ಅಳತೆಗೆ ಸರಿಯಾಗಿ ಬರೆದರು. ಅಳತೆಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ನಾಲ್ಕನೆಯ ತಿಂಗಳು ಮುಖದ ಪಾಠ ಶುರುವಾಯಿತು. ತರಗತಿಗೆ ಬರುತ್ತಿದ್ದ ಬ್ಯಾಂಕಿನ ಗಾರ್ಡ್ ಒಬ್ಬರು ಕುರ್ಚಿಯಲ್ಲಿ ಕೂರಲು ಒಪ್ಪಿದರು. ದಪ್ಪ ಮೀಸೆ, ಕಡುಹಸಿರು ಸ್ವೆಟರ್, ಅಲುಗಾಡದೆ ಗಂಟೆಗಟ್ಟಲೆ ಕೂರುವ ಅಭ್ಯಾಸ. ದೊಡ್ಡ ಸಿಸ್ಟರ್ ಹೊಸದಾಗಿ ಕೊಂಡಿದ್ದ ಟ್ಯೂಬಿನ ಮುಚ್ಚಳ ತಿರುಗಿಸಿದರು. ಅದರ ಮೇಲೆ ‘ಚರ್ಮದ ಬಣ್ಣ’ ಎಂದು ಬರೆದಿತ್ತು.

ಮೇಷ್ಟ್ರು ಬಗ್ಗಿ ನೋಡಿದರು. “ಸಿಸ್ಟರ್, ಇದು ಯಾರ ಚರ್ಮದ್ದು?”

“ಟ್ಯೂಬಿನ ಮೇಲೆ ಹಾಗೇ ಬರೆದಿದೆ ಸರ್.”

“ಅದು ಸರಿ. ಆದ್ರೆ ಯಾರದು? ನಿಮ್ಮದಾ, ನನ್ನದಾ, ಗಾರ್ಡ್ ಸಾಹೇಬರದಾ?”

ಸಿಸ್ಟರ್ ಹಿಂಡಿ ನೋಡಿದರು. ಆ ಕೋಣೆಯಲ್ಲಿದ್ದ ಯಾರಿಗೂ ಆ ಬಣ್ಣವಿರಲಿಲ್ಲ. ಆಟದ ಗೊಂಬೆಗಿತ್ತು, ಗಾಯಕ್ಕೆ ಅಂಟಿಸುವ ಪಟ್ಟಿಗಿತ್ತು. ಸರಿ, ಅದನ್ನು ಬದಿಗಿಟ್ಟು ಕಂದು ತೆಗೆದುಕೊಂಡರು. ಬೆಳಕಿರುವಲ್ಲಿ ಕಂದು ಬಣ್ಣಕ್ಕೆ ಬಿಳಿ ಸೇರಿಸಿದರು, ನೆರಳಿರುವಲ್ಲಿ ಕಪ್ಪು ಸೇರಿಸಿದರು. ಗಂಟೆಯ ಕೊನೆಗೆ ಗಾರ್ಡ್ ಎದ್ದು ಬಂದು ನೋಡಿ, ಮೀಸೆ ಸವರಿಕೊಂಡು, “ಸಿಸ್ಟರ್, ನಾನು ಬದುಕಿದ್ದೀನಿ ತಾನೆ?” ಎಂದರು.

ಮೇಷ್ಟ್ರು ನಗಲಿಲ್ಲ. ಬೂದುಬಣ್ಣದ ರಟ್ಟಿನ ತುಂಡೊಂದನ್ನು ಕೊಟ್ಟರು. ನಡುವೆ ಬಟಾಣಿಯಷ್ಟು ಒಂದು ತೂತು. “ಇದನ್ನ ಕೈಯಳತೆಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ. ಮುಖ ಅಂತ ನೋಡಬೇಡಿ. ತೂತಿನೊಳಗೆ ಕಾಣೋದು ಮೂಗೋ ಕೆನ್ನೆಯೋ ಅಂತಾನೂ ಯೋಚಿಸಬೇಡಿ. ಏನು ಬಣ್ಣ ಅಂತ ಮಾತ್ರ ಹೇಳಿ.”

ಗಾರ್ಡ್ ಮತ್ತೆ ಕೂತರು. ಸಿಸ್ಟರ್ ರಟ್ಟು ಹಿಡಿದು ಅವರ ದವಡೆಯ ಕೆಳಗೆ ಗುರಿಯಿಟ್ಟರು. ಆಮೇಲೆ ಸದ್ದಿಲ್ಲದೆ ರಟ್ಟು ಕೆಳಗಿಟ್ಟು, ನೆಟ್ಟಗೆ ಗಾರ್ಡ್ ಬಳಿ ನಡೆದು, ಅವರ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದರು.

“ಏನಾಯ್ತು ಸಿಸ್ಟರ್?” ಗಾರ್ಡ್ ಧ್ವನಿ ಸಣ್ಣಗಾಯಿತು.

“ಊಟ ಸರಿಯಾಗಿ ಸೇರುತ್ತಾ? ಕುತ್ತಿಗೆ ಹತ್ರ ಹಸಿರು ಕಾಣ್ತಿದೆ.”

ಕೋಣೆಯೆಲ್ಲ ನಕ್ಕಿತು. ಈ ಸಲ ಮೇಷ್ಟ್ರೂ ನಕ್ಕರು. ಗಾರ್ಡ್ ಸಾಹೇಬರ ಸ್ವೆಟರನ್ನು ಬಿಚ್ಚಿಸಿ, “ಈಗ ನೋಡಿ” ಎಂದರು. ಹಸಿರು ಮಾಯವಾಗಿತ್ತು. ಅದರ ಜಾಗದಲ್ಲಿ ಒಳಗಿನ ಅಂಗಿಯ ಮಾಸಲು ಹಳದಿ ಬಂದು ಕೂತಿತ್ತು. ಮತ್ತೆ ಸ್ವೆಟರ್ ಹಾಕಿಸಿದರು, ಹಸಿರು ಮರಳಿ ಬಂತು. “ಕಾಯಿಲೆ ಅಲ್ಲ ಸಿಸ್ಟರ್, ಬೆಳಕು. ಪಕ್ಕದಲ್ಲಿ ಏನಿದೆಯೋ ಅದೆಲ್ಲಾ ಮುಖದ ಮೇಲೆ ಸ್ವಲ್ಪ ಬಂದು ಕೂರುತ್ತೆ.”

ಸಿಸ್ಟರ್ ಅದನ್ನು ಪೂರ್ತಿ ನಂಬಲಿಲ್ಲ. ಗಾರ್ಡ್ ಅಂತೂ ಏನೂ ನಂಬದೆ ಮರುದಿನವೇ ರಕ್ತ ಪರೀಕ್ಷೆ ಮಾಡಿಸಿಕೊಂಡು, ಮುಂದಿನ ಭಾನುವಾರ ವರದಿ ತಂದು ಎಲ್ಲರಿಗೂ ತೋರಿಸಿದರು. ಎಲ್ಲವೂ ಸರಿಯಾಗಿತ್ತು. ಸಿಸ್ಟರ್ ವರದಿಯನ್ನು ಎರಡು ಸಲ ಓದಿದರು. ಆಮೇಲೆ ಪ್ಯಾಲೆಟ್ಟಿನ ಮೇಲೆ ಮೊದಲ ಬಾರಿಗೆ ಹಸಿರು ಹಿಂಡಿಕೊಂಡರು. ದವಡೆಯ ಕೆಳಗೆ ಒಂದು ಗೆರೆ ಬಳಿದದ್ದೇ ತಡ, ಚಪ್ಪಟೆಯಾಗಿದ್ದ ಮುಖ ಕತ್ತಿನಿಂದ ಬೇರೆಯಾಗಿ ಮುಂದಕ್ಕೆ ಬಂತು. ಅವರು ಬ್ರಷ್ ಹಿಡಿದೇ ಒಂದು ಹೆಜ್ಜೆ ಹಿಂದೆ ಸರಿದರು.

ಅಲ್ಲಿಂದ ಮುಂದೆ ಅವರಿಗೆ ಹುಚ್ಚು ಹಿಡಿದಂತಾಯಿತು. ಗಾರ್ಡ್ ಸಾಹೇಬರ ಕ್ಷೌರ ಮಾಡಿದ ಗಲ್ಲದಲ್ಲಿ ನೀಲಿ ಕಂಡಿತು, ಕಣ್ರೆಪ್ಪೆಯಲ್ಲಿ ನೇರಳೆ, ಹಣೆಯಲ್ಲಿ ಹಳದಿ. ಬಸ್ಸಿನಲ್ಲಿ ಎದುರು ಸೀಟಿನವರ ಕಿವಿಯ ಹಿಂದಿನಿಂದ ಬಿಸಿಲು ಬಿದ್ದು ಕಿವಿ ಕೆಂಡದಂತೆ ಹೊಳೆಯುವುದನ್ನು ನೋಡುತ್ತಾ ತಮ್ಮ ಸ್ಟಾಪು ದಾಟಿಸಿಕೊಂಡರು. ಪಾತ್ರೆಯ ಅಂಚಿನಲ್ಲಿ ಹಾಲು ನೀಲಿಯಾಗಿರುವುದನ್ನು ನೋಡುತ್ತಾ ನಿಂತು ಹಾಲು ಉಕ್ಕಿಸಿದರು. ಜೀವಮಾನವಿಡೀ ನೀಲಿ ಎಂದರೆ ಓಡು, ಹಳದಿ ಎಂದರೆ ಡಾಕ್ಟರನ್ನು ಕರೆ ಎಂದು ಕಲಿತಿದ್ದವರಿಗೆ, ಏನೂ ಆಗದ ಮುಖಗಳಲ್ಲೂ ಇಷ್ಟೆಲ್ಲ ಬಣ್ಣ ಸುಮ್ಮನೆ ಬಂದು ಹೋಗುತ್ತದೆ ಎಂಬುದು ನೆಮ್ಮದಿಯ ಸುದ್ದಿಯಾಗಿತ್ತು. ತಂಗಿಯೊಡನೆ ಗಂಟೆಗಟ್ಟಲೆ ಅದನ್ನೇ ಹೇಳಿದರು, ಅವಳ ಕಿವಿಯ ಕಡೆ ನೋಡುತ್ತಾ.

ಆಮೇಲೊಂದು ಭಾನುವಾರ ಮೇಷ್ಟ್ರು ಮನೆಗೆಲಸ ಕೊಟ್ಟರು. “ಮನೆಯಲ್ಲಿರೋ ಒಬ್ಬರನ್ನ ಎದುರಿಗೆ ಕೂರಿಸಿ ಬರೀರಿ. ಫೋಟೋ ನೋಡಿ ಬರೆಯೋದು ಬೇಡ. ಒಂದೂವರೆ ತಿಂಗಳು ಟೈಮ್.”

“ನನ್ನ ಮನೇಲಿ ಯಾರೂ ಇಲ್ಲ ಸರ್” ಎಂದುಬಿಟ್ಟರು ದೊಡ್ಡ ಸಿಸ್ಟರ್.

ಮಾತು ಬಾಯಿಂದ ಬಿದ್ದ ಮೇಲೆ ಅವರಿಗೇ ಕಸಿವಿಸಿಯಾಯಿತು. ಆದರೆ ವಾಪಸು ಪಡೆಯಲು ಧೈರ್ಯವಾಗಲಿಲ್ಲ. ಮನೆಗೆ ಬಂದು ಗೋಡೆಯ ಮೇಲಿದ್ದ ತಾಯಿಯ ಕಪ್ಪುಬಿಳುಪು ಫೋಟೋ ಇಳಿಸಿ, ಒರೆಸಿ, ಅದನ್ನು ನೋಡಿ ಬರೆಯತೊಡಗಿದರು. ನಾಲ್ಕು ದಿನ ಬರೆದರು. ಅಮ್ಮನ ಕೆನ್ನೆಗೆ ಯಾವ ಬಣ್ಣ ಹಾಕಿದರೂ ಅದು ತಾವು ಊಹಿಸಿದ ಬಣ್ಣವೇ ಆಗುತ್ತಿತ್ತು.

ಐದನೆಯ ದಿನ ತಂಗಿ ಕೆಲಸದಿಂದ ಬಂದವಳು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು. “ಎದುರಿಗೆ ಕೂರಿಸಿ ಬರೀರಿ ಅಂದಿದ್ರಂತೆ ಮೇಷ್ಟ್ರು.”

“ನಿಂಗ್ಯಾರು ಹೇಳಿದ್ದು?”

“ನಿಮ್ಮ ಗಾರ್ಡು. ದಿನಾ ಏಳೂವರೆ ಬಸ್ಸಿಗೆ ಬರ್ತಾರೆ. ಇವತ್ತು ಬಸ್ಸು ಲೇಟು, ವಿಚಾರಿಸೋಕೆ ನನ್ನ ಕಿಟಕಿ ಹತ್ರ ಬಂದ್ರು. ಮಾತಿಗೆ ಮಾತು ಬಂತು. ಪಾಪ, ನಮ್ಮ ಕ್ಲಾಸಲ್ಲಿ ಒಬ್ಬರು ರಿಟೈರ್ಡ್ ಸಿಸ್ಟರ್ ಇದ್ದಾರೆ, ಅವರಿಗೆ ಯಾರೂ ಇಲ್ಲ, ಒಂಟಿ ಜೀವ ಅಂದ್ರು.” ತಂಗಿ ಚೀಲವನ್ನು ಮೇಜಿನ ಮೇಲಿಟ್ಟಳು. “ನಾನ್ಯಾರು ಹಾಗಾದ್ರೆ? ಬಾಡಿಗೆಯವಳಾ?”

ದೊಡ್ಡ ಸಿಸ್ಟರ್ ಗೋಡೆಯ ಕಡೆ ನೋಡಿದರು. ಅಲ್ಲಿ ಫೋಟೋ ಇಳಿಸಿದ ಜಾಗದಲ್ಲಿ ಚೌಕಾಕಾರದ ಗುರುತು ಮಾತ್ರ ಇತ್ತು.

“ನಿನ್ನನ್ನ ಕೂರಿಸೋಕೆ ನಂಗೆ ಭಯ ಆಯ್ತು” ಎಂದರು ಕೊನೆಗೆ. “ಮತ್ತೆ ಮೊದಲಿನ ಹಾಗೆ ಆಗುತ್ತೇನೋ ಅಂತ. ಪೆನ್ನು, ಸ್ಕೇಲು...”

ತಂಗಿ ಚಪ್ಪಲಿ ಬಿಟ್ಟಳು. ಒಳಗೆ ಹೋಗಿ ಮುಖ ತೊಳೆದು, ತಲೆ ಬಾಚಿ, ಹಳದಿ ಶಾಲು ಹೊದ್ದು ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. “ಮೂರರಿಂದ ನಾಲ್ಕು. ದಿನಕ್ಕೆ ಒಂದೇ ಗಂಟೆ. ನಡುವೆ ಟೀ ಕೊಡಬೇಕು. ನನ್ನನ್ನ ಸುಂದರಿ ಮಾಡೋಕೆ ಹೋಗಬಾರದು.”

ಮೊದಲ ಎರಡು ದಿನ ದೊಡ್ಡ ಸಿಸ್ಟರ್ ಕೂದಲು, ಶಾಲು, ಕುರ್ಚಿಯ ಬೆನ್ನು ಬರೆದರು. ಮುಖದ ಜಾಗ ಖಾಲಿಯಿತ್ತು. ಎರಡನೆಯ ದಿನದ ಕೊನೆಗೆ ತಂಗಿ ಇಣುಕಿ ನೋಡಿ, “ಕಿವಿ ಚೆನ್ನಾಗಿ ಬಂದಿದೆ. ಇಪ್ಪತ್ತಾರು ವರ್ಷ ಅದನ್ನೇ ನೋಡಿದೀಯಲ್ಲ” ಎಂದಳು. ಇವಳಿಗೆ ಅದೂ ಗೊತ್ತಿತ್ತಲ್ಲ ಎಂದುಕೊಂಡರು ಅಕ್ಕ.

ಮೂರನೆಯ ದಿನ ಗಟ್ಟಿ ಮನಸ್ಸು ಮಾಡಿ ಮುಖಕ್ಕೆ ಕೈಹಾಕಿದರು. ಕಂದು ಭಾಗ ಹೇಗೋ ಆಯಿತು. ಮಚ್ಚೆಗಳಿಗೆ ಬಂದಾಗ ಬಿಳಿ ಟ್ಯೂಬು ಹಿಂಡಿ, ಅಂಚು ತಪ್ಪದಂತೆ ನೀಟಾಗಿ ತುಂಬಿದರು. ಹಿಂದೆ ಸರಿದು ನೋಡಿದರೆ, ಮುಖದ ಮೇಲೆ ಯಾರೋ ಕಾಗದ ಹರಿದು ಅಂಟಿಸಿದಂತಿತ್ತು. ಅಂಚೆಲ್ಲ ಸರಿಯಾಗಿತ್ತು, ಅಳತೆಯೆಲ್ಲ ಸರಿಯಾಗಿತ್ತು, ತಂಗಿ ಮಾತ್ರ ಇರಲಿಲ್ಲ.

“ನೋಡಲಾ?” ಎಂದಳು ತಂಗಿ.

“ಬೇಡ.”

ಅವಳು ಎದ್ದು ಬಂದೇ ಬಿಟ್ಟಳು. ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತು, “ಸುಣ್ಣ ಬಳಿಯುವಾಗ ಕೆಳಗೆ ನಿಂತಿದ್ದೆ ಅನ್ನೋ ಹಾಗಿದೆ” ಎಂದಳು. ತಮಾಷೆಯ ಮಾತೇ. ಆದರೆ ಟೀ ಕುಡಿಯದೆ ಒಳಗೆ ಹೋದಳು.

ದೊಡ್ಡ ಸಿಸ್ಟರ್ ಆ ಬಿಳಿಯನ್ನೆಲ್ಲ ಚಾಕುವಿನಿಂದ ಕೆರೆದು ತೆಗೆದರು. ಎಷ್ಟು ಸಲ ಗೊತ್ತಿದ್ದರೂ ಗೊತ್ತಿಲ್ಲದವಳಂತೆ ಮಾಡುತ್ತೇನೆ ಎಂದು ತಮ್ಮನ್ನೇ ಬೈದುಕೊಂಡರು. ಗಾರ್ಡ್ ಮುಖಕ್ಕೆ ಕಂದು ಟ್ಯೂಬು ಸಾಲಲಿಲ್ಲ, ಇವಳಿಗೆ ಬಿಳಿ ಟ್ಯೂಬು ಸಾಕೆಂದು ಯಾಕೆ ಅಂದುಕೊಂಡೆ?

ಮರುದಿನ ಮೂರು ಗಂಟೆಗೆ ತಂಗಿ ಬರುತ್ತಾಳೋ ಇಲ್ಲವೋ ಎಂದು ಕಾದರು. ಬಂದಳು, ಕೂತಳು. ಸಿಸ್ಟರ್ ರಟ್ಟಿನ ತುಂಡು ಕೈಗೆತ್ತಿಕೊಂಡು, ಒಂದು ಕಣ್ಣು ಮುಚ್ಚಿ, ತೂತನ್ನು ತಂಗಿಯ ಎಡಗಣ್ಣಿನ ಪಕ್ಕಕ್ಕೆ ತಂದರು.

ಅಲ್ಲಿ ಬಿಳಿ ಇರಲಿಲ್ಲ.

ಮೊದಲು ನಂಬಿಕೆಯಾಗದೆ ಬ್ರಷ್ಷಿನ ತುದಿಗೆ ಅಚ್ಚ ಬಿಳಿ ಹಚ್ಚಿ ರಟ್ಟಿನ ಅಂಚಿಗಿಟ್ಟು ಹೋಲಿಸಿದರು. ಎಲ್ಲಿಂದೆಲ್ಲಿಗೆ! ಕಣ್ಣಿನ ಪಕ್ಕದ್ದು ಸಂಜೆಯ ಮೋಡದಂಥ ತೆಳು ಗುಲಾಬಿ. ಕಿಟಕಿಯ ಕಡೆ ತಿರುಗಿದ ಅಂಚಿನಲ್ಲಿ ಆಕಾಶದ ನೀಲಿ ಸೇರಿ ನಸುನೇರಳೆ. ತೂತನ್ನು ಬಾಯಿಯ ಕೆಳಗೆ ಇಳಿಸಿದರೆ ಶಾಲಿನ ಹಳದಿ ಮೇಲಕ್ಕೆ ಚಿಮ್ಮಿ ಅಲ್ಲಿಯ ಚರ್ಮ ಮಾಗಿದ ನಿಂಬೆಯ ಸಿಪ್ಪೆಯಂತಿತ್ತು. ಕಂದು ಭಾಗವೂ ಕಂದಾಗಿರಲಿಲ್ಲ. ಕೆನ್ನೆಯ ನೆರಳಿನಲ್ಲಿ ಎಣ್ಣೆಹಸಿರು, ಮೂಗಿನ ಬದಿಯಲ್ಲಿ ದ್ರಾಕ್ಷಿಯ ಕೆಂಪು.

“ಏನಾದ್ರೂ ಸಿಕ್ತಾ?” ಎಂದಳು ತಂಗಿ.

“ಮಾತಾಡಬೇಡ, ಮುಖ ಅಲುಗುತ್ತೆ.” ಆಮೇಲೆ ತಡೆಯಲಾಗದೆ ಅವರೇ ಹೇಳಿದರು: “ನಿನ್ನ ಬಾಯಿ ಹತ್ರ ಹಳದಿ ಇದೆ ಕಣೇ.”

“ಕಾಮಾಲೆನಾ?”

“ಶಾಲು!”

ತಂಗಿ ನಕ್ಕಳು. ನಕ್ಕಾಗ ಬಾಯಿಯ ಸುತ್ತಿನ ತೆಳುಬಣ್ಣಕ್ಕೆ ರಕ್ತ ಮೊದಲು ಏರಿತು, ಉಳಿದ ಮುಖಕ್ಕಿಂತ ಒಂದು ಗಳಿಗೆ ಮುಂಚೆ. ಜಗತ್ತಿನ ಎಲ್ಲ ಮುಖಗಳೂ ನಗುವಾಗ ಕೆಂಪೇರುತ್ತವೆ, ಇವಳದು ಅದನ್ನು ಮುಚ್ಚಿಡುವುದಿಲ್ಲ, ಅಷ್ಟೇ. ಐವತ್ತಾರು ವರ್ಷ ಜೊತೆಗಿದ್ದು ದೊಡ್ಡ ಸಿಸ್ಟರ್ ಅದನ್ನು ನೋಡಿರಲಿಲ್ಲ.

ಇನ್ನೂ ಒಂದು ಕಂಡಿತು. ಹಣೆಯ ಮೇಲೆ ಕಿಟಕಿಯ ಬೆಳಕು ಬಿದ್ದು ಹೊಳೆಯುವಲ್ಲಿ, ಕಂದು ಚರ್ಮದ ಹೊಳಪೂ ಪಕ್ಕದ ಮಚ್ಚೆಯ ಬಣ್ಣವೂ ಹೆಚ್ಚುಕಡಿಮೆ ಒಂದೇ ಆಗಿದ್ದವು. ರಟ್ಟನ್ನು ಅತ್ತಿತ್ತ ಸರಿಸಿ ನೋಡಿದರು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆಂದು ಹೇಳಲಾಗಲಿಲ್ಲ. ಹದಿನಾರು ವರ್ಷ ಪೆನ್ನಿನಲ್ಲಿ ಗೆರೆ ಎಳೆದ ಜಾಗ ಅದು. ಅವರು ಅಲ್ಲಿ ಗೆರೆ ಎಳೆಯದೆ, ಎರಡು ಬಣ್ಣ ಒದ್ದೆಯಿರುವಾಗಲೇ ಬೆರಳಿನಿಂದ ಮೆಲ್ಲಗೆ ಒಂದಕ್ಕೊಂದು ಸವರಿದರು.

ಎರಡನೆಯ ವಾರದ ಒಂದು ಮಧ್ಯಾಹ್ನ, ಎಡಗೆನ್ನೆ ಬರೆಯುತ್ತಿದ್ದಾಗ, ಅಲ್ಲಿನ ಚರ್ಮ ಸ್ವಲ್ಪ ಒರಟಾಗಿ ಬೆಳಕನ್ನು ಬೇರೆ ರೀತಿ ಹಿಡಿಯುವುದು ಕಂಡಿತು. ಬೊಬ್ಬೆ ಬಂದಿದ್ದ ಜಾಗ. ಸಿಸ್ಟರ್ ಬ್ರಷ್ ಕೆಳಗಿಟ್ಟರು.

“ಆ ದಿನ ನಾನು ನಿದ್ದೆ ಹೋಗಬಾರದಿತ್ತು” ಎಂದರು. ನಲವತ್ತು ವರ್ಷದಲ್ಲಿ ಮೊದಲ ಬಾರಿ ಆ ಮಾತು ಎತ್ತಿದ್ದು.

ತಂಗಿ ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು. “ನಂಗೆ ಗಡಿಯಾರ ಕಾಣ್ತಿತ್ತು ಅಕ್ಕ.”

“ಅಂದ್ರೆ?”

“ಹತ್ತು ನಿಮಿಷ ಆಗಿದ್ದು ಗೊತ್ತಿತ್ತು. ನೀನು ಗೋಡೆಗೆ ಒರಗಿ ಬಾಯಿ ಬಿಟ್ಕೊಂಡು ಮಲಗಿದ್ದೆ. ಹಿಂದಿನ ಇಡೀ ವಾರ ನೈಟ್ ಡ್ಯೂಟಿ. ಎದ್ರೆ ಕುರ್ಚಿ ಕಿರ್ ಅನ್ನುತ್ತೆ, ನಿನಗೆ ಎಚ್ಚರ ಆಗುತ್ತೆ ಅಂತ ಸುಮ್ಮನೆ ಕೂತೆ. ಇನ್ನೊಂದು ಐದು ನಿಮಿಷ ಮಲಗಲಿ, ಇನ್ನೊಂದು ಐದು ನಿಮಿಷ ಅಂತ. ಉರಿ ಆಮೇಲೆ ಶುರುವಾಗಿದ್ದು.”

“ಹುಚ್ಚೀ! ಯಾಕೆ ಹೇಳಲಿಲ್ಲ ಇಷ್ಟು ದಿನ?”

“ಹೇಳಿದ್ರೆ ಬೈತಿದ್ದೆ. ಈಗ ಬೈತಿದ್ದೀಯಲ್ಲ, ಹಾಗೆ.”

ದೊಡ್ಡ ಸಿಸ್ಟರ್ ಎದ್ದು ಅಡುಗೆಮನೆಗೆ ಹೋದರು. ನಲ್ಲಿ ತಿರುಗಿಸಿ, ತೊಳೆಯುವಂಥದ್ದೇನೂ ಇಲ್ಲದಿದ್ದರೂ ಲೋಟ ತೊಳೆದರು. ಕಣ್ಣೊರೆಸಿಕೊಂಡ ಕೈಯಲ್ಲಿ ಬಣ್ಣವಿದ್ದುದರಿಂದ ಕಣ್ಣು ಉರಿಯಿತು, ಮತ್ತೂ ನೀರು ಬಂತು. ಎರಡು ಲೋಟ ಟೀ ಹಿಡಿದು ವಾಪಸು ಬಂದಾಗ ತಂಗಿ ಅವರ ಮುಖ ನೋಡಿ, “ಪ್ರಯಾಣಿಕರ ಗಮನಕ್ಕೆ, ನಿಮ್ಮ ಮೂಗಿನ ಮೇಲೆ ಹಸಿರಿದೆ” ಎಂದಳು. ಆವತ್ತು ಮುಂದೆ ಚಿತ್ರ ಬರೆಯಲಾಗಲಿಲ್ಲ. ಇಬ್ಬರೂ ಟೀ ಕುಡಿದು, ಅಮ್ಮ ಇದ್ದಾಗಿನ ಮಾತು, ಹಳೆಯ ಮನೆಯ ಮಾತು ಆಡುತ್ತಾ ಬೆಳಕು ಹೋಗುವವರೆಗೆ ಕೂತಿದ್ದರು. ಅಕ್ಕ ತಂಗಿಯ ಮುಖ ನೋಡಿಕೊಂಡೇ ಮಾತಾಡಿದರು. ಹಾಗೆ ನೋಡುತ್ತಿದ್ದೇನೆಂಬುದು ಅವರಿಗೆ ಹೊಳೆದದ್ದು ದೀಪ ಹಾಕಲು ಎದ್ದಾಗ.

ಚಿತ್ರ ಮುಗಿಯಲು ಐದು ವಾರ ಬೇಕಾಯಿತು. ಅದು ಅದ್ಭುತವಾಗೇನೂ ಬಂದಿರಲಿಲ್ಲ. ಕೈಗಳು ಗಟ್ಟಿಯಾಗಿದ್ದವು, ಕುರ್ಚಿ ಒಂದು ಕಡೆಗೆ ವಾಲಿತ್ತು. ಆದರೆ ಮುಖದಲ್ಲಿ ಜೀವವಿತ್ತು. ಹತ್ತಿರ ಹೋದರೆ ಗುಲಾಬಿ, ಹಸಿರು, ನೇರಳೆ, ನಿಂಬೆಬಣ್ಣದ ತುಂಡುಗಳು. ನಾಲ್ಕು ಹೆಜ್ಜೆ ಹಿಂದೆ ಬಂದರೆ ಹಳದಿ ಶಾಲು ಹೊದ್ದ ಹೆಂಗಸೊಬ್ಬಳು ಏನೋ ಕೀಟಲೆ ಮಾತು ಹೇಳುವ ಮುಂಚೆ ತಡೆದುಕೊಂಡಂತೆ ಕೂತಿದ್ದಳು.

ತಂಗಿ ಕನ್ನಡಕ ಹಾಕಿಕೊಂಡು ಬಂದು ನಿಂತಳು. ದೊಡ್ಡ ಸಿಸ್ಟರ್ ಚಿಂದಿ ಬಟ್ಟೆಯನ್ನು ಕೈಯಲ್ಲಿ ಹಿಂಡುತ್ತಿದ್ದರು. ಆಪರೇಷನ್ ಕೋಣೆಯ ಹೊರಗೆ ನಿಂತ ತಾಯಂದಿರನ್ನು ಎಷ್ಟೋ ಸಲ ನೋಡಿದ್ದರು, ತಾವು ಹಾಗೆ ನಿಂತದ್ದು ಇದೇ ಮೊದಲು.

“ಅಕ್ಕಾ.”

“ಹೇಳು.”

“ನನ್ನ ಮೂಗು ಇಷ್ಟು ದಪ್ಪ ಇದೆಯಾ?”

“ಇದೆ.”

“ಯಾರೂ ಇದುವರೆಗೆ ಹೇಳೇ ಇಲ್ಲವಲ್ಲ!” ಅವಳು ಬೆರಳಿನಿಂದ ಮೂಗು ಮುಟ್ಟಿ ನೋಡಿಕೊಂಡಳು. ಬಚ್ಚಲಿನ ಕನ್ನಡಿಗೆ ಹೋಗಿ ನೋಡಿ ಬಂದಳು. ಮತ್ತೆ ಚಿತ್ರ ನೋಡಿದಳು. “ಅಪ್ಪನ ಮೂಗು. ಛೆ, ಐವತ್ತಾರು ವರ್ಷ ಆದ್ಮೇಲೆ ಗೊತ್ತಾಯ್ತು ನೋಡು.” ಮಚ್ಚೆಗಳ ವಿಷಯ ಅವಳು ಎತ್ತಲೇ ಇಲ್ಲ. ಆ ರಾತ್ರಿ ಊಟದವರೆಗೂ ಮೂಗಿನ ಮಾತೇ ನಡೆಯಿತು.

ಭಾನುವಾರ ಚಿತ್ರವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ತರಗತಿಗೆ ಒಯ್ದರು. ಮೇಷ್ಟ್ರು ಬಹಳ ಹೊತ್ತು ನೋಡಿ, “ಹಣೆ” ಎಂದಷ್ಟೇ ಹೇಳಿ ಅಲ್ಲಿ ಬೆರಳು ತೋರಿಸಿದರು. ಆ ಮನುಷ್ಯ ಅಷ್ಟು ಹೇಳಿದರೆ ಬೇರೆಯವರು ಒಂದು ಪುಟ ಹೊಗಳಿದಂತೆ. ಗಾರ್ಡ್ ಮಾತ್ರ ಗೊಂದಲಕ್ಕೆ ಬಿದ್ದರು. “ಮನೇಲಿ ಯಾರೂ ಇಲ್ಲ ಅಂದಿದ್ರಿ?”

“ಸುಳ್ಳು ಹೇಳಿದ್ದೆ” ಎಂದರು ದೊಡ್ಡ ಸಿಸ್ಟರ್. “ನನ್ನ ತಂಗಿ. ದಿನಾ ನಿಮಗೆ ಬಸ್ಸಿನ ಟೈಮ್ ಹೇಳೋದು ಇವಳೇ.”

“ಆ ಧ್ವನಿಯವರಾ!” ಗಾರ್ಡ್ ಚಿತ್ರಕ್ಕೆ ಇನ್ನಷ್ಟು ಹತ್ತಿರ ಬಂದರು. “ಕಿಟಕಿಯ ಆ ಮಬ್ಬು ಗಾಜಿನಲ್ಲಿ ಏನೂ ಕಾಣಲ್ಲ. ಇವರನ್ನ ಒಂದಿನ ಕರ್ಕೊಂಡು ಬನ್ನಿ ಸಿಸ್ಟರ್. ನನ್ನನ್ನೇ ಬರೆದು ಬರೆದು ಎಲ್ಲರಿಗೂ ಬೇಜಾರಾಗಿದೆ.”

ಕರೆದರೆ ಬರುತ್ತಾಳೆಂದು ದೊಡ್ಡ ಸಿಸ್ಟರಿಗೆ ನಂಬಿಕೆಯಿರಲಿಲ್ಲ. ತಂಗಿ ಎರಡು ವಾರ ಯೋಚಿಸಿದಳು. ಮೂರನೆಯ ವಾರ, ಅಕ್ಕ ಹೊರಡುವ ಹೊತ್ತಿಗೆ, ತಾನೂ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಸೈಕಲ್ ಅಂಗಡಿಯ ಮೆಟ್ಟಿಲು ಹತ್ತುವಾಗ ಅಕ್ಕನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಕುರ್ಚಿಯಲ್ಲಿ ಕೂತ ಮೇಲೆ ಏಳು ಜೋಡಿ ಕಣ್ಣುಗಳು ಒಟ್ಟಿಗೆ ತನ್ನ ಕಡೆ ತಿರುಗಿದಾಗ ಅವಳ ಬೆರಳುಗಳು ಶಾಲಿನ ಅಂಚನ್ನು ತಿರುಚುತ್ತಿದ್ದವು. ದೊಡ್ಡ ಸಿಸ್ಟರಿಗೆ ಎದ್ದು ಹೋಗಿ ಅವಳ ಮುಂದೆ ಅಡ್ಡ ನಿಲ್ಲಬೇಕೆನಿಸಿತು. ನಿಲ್ಲಲಿಲ್ಲ. ತಮ್ಮ ಪ್ಯಾಲೆಟ್ಟಿಗೆ ಬಣ್ಣ ಹಿಂಡಿಕೊಂಡರು.

ಒಂದು ಗಂಟೆಯ ಹೊತ್ತಿಗೆ ಕೋಣೆಯಲ್ಲಿ ಬ್ರಷ್ಷಿನ ಸದ್ದು ಬಿಟ್ಟರೆ ಕೆಳಗಿನ ಅಂಗಡಿಯ ಪಂಪಿನ ಸದ್ದು ಮಾತ್ರ. ವಿರಾಮದಲ್ಲಿ ತಂಗಿ ಒಂದೊಂದೇ ಚಿತ್ರದ ಮುಂದೆ ನಿಂತು ತಪಾಸಣೆ ಮಾಡಿದಳು. ಒಬ್ಬರು ಅವಳನ್ನು ಕಿತ್ತಳೆಯಾಗಿಸಿದ್ದರು. ಇನ್ನೊಬ್ಬರು ಮಚ್ಚೆಗಳನ್ನೆಲ್ಲ ಮರೆಮಾಚಿ ಇಪ್ಪತ್ತು ವರ್ಷ ಕಡಿಮೆ ಮಾಡಿದ್ದರು. “ಇವರು ಯಾರು? ಚೆನ್ನಾಗಿದ್ದಾರೆ, ಪರಿಚಯ ಇಲ್ಲ” ಎಂದು ಅವಳು ಮುಂದೆ ಹೋದಳು. ಗಾರ್ಡ್ ತಮ್ಮ ಚಿತ್ರದ ಪಕ್ಕ ನಿಂತು, ಕೆಮ್ಮಿ, ತಲೆ ಕೆರೆದುಕೊಂಡು, “ಕಣ್ಣಿನ ಪಕ್ಕದ ಗುಲಾಬಿ ನಂಗೆ ಬರ್ತಾನೇ ಇಲ್ಲ ಮೇಡಂ. ಒರೆಸಿ ಒರೆಸಿ ಮತ್ತೆ ಹಾಕ್ತಿದ್ದೀನಿ” ಎಂದು ಒಪ್ಪಿಸಿಕೊಂಡರು.

“ಅವಸರ ಮಾಡಬೇಡಿ” ಎಂದಳು ತಂಗಿ, ಮೈಕಿನ ಮುಂದೆ ಹೇಳುವ ಅದೇ ಸ್ಪಷ್ಟ ಧ್ವನಿಯಲ್ಲಿ. ಆಮೇಲೆ ಮೇಷ್ಟ್ರ ಕಡೆ ತಿರುಗಿ ಕೇಳಿದಳು: “ಸರ್, ಮುಂದಿನ ವಾರ ಕುರ್ಚಿ ಆ ಕಡೆ ಹಾಕ್ತೀರಾ? ಇವರೆಲ್ಲ ನನ್ನ ಬಲಗಡೆ ಇನ್ನೂ ನೋಡಿಲ್ಲ.”